ಮುದ್ದೇಬಿಹಾಳದ ದುಕಾನ ಹೆಚ್ಚಿಸಿದ್ದು

೧೯ ಜನವರಿ ೧೯೭೬, ಇಂಡಿ

ಸಾಹುಕಾರರ ಅಳಿಯ ಇಂದಿನಿಂದ ಆಫೀಸಿಗೆ ಬಂದು ಕೂಡತೊಡಗಿದರು. ಹೆಸರು ರೇಣುಕಯ್ಯ. ಊರು ತುಮಕೂರು, ಓದಿದ್ದು ಮುಂಬಯಿ, ಕೈಯಲ್ಲಿ ಚರ್ಮದ ಚೀಲ. ಸಾಹುಕಾರ ಗುರಲಿಂಗಪ್ಪನವರಿಗೆ ದೀಪಾವಳಿಯ ಹೊತ್ತಿಗೆ ಲಕ್ವಾ ಹೊಡೆದು ಬಲಗೈಯೂ ಅರ್ಧ ಮಾತೂ ಹೋದವು. ಅಂದಿನಿಂದ ನಮ್ಮ ಲಾರಿ ಸರ್ವಿಸಿಗೆ ಹೇಳುವವರು ಕೇಳುವವರು ಇರಲಿಲ್ಲ, ಲೆಕ್ಕ ಬರೆಯುವ ದಿವಾಣಜಿಯಾದ ನನ್ನನ್ನು ಬಿಟ್ಟರೆ. ನನ್ನ ಮಾತನ್ನು ಯಾರು ಕೇಳುತ್ತಾರೆ? ಮನೆಯಲ್ಲಿ ಹೆಂಡತಿ ಅಂಬುವೇ ಕೇಳುವುದಿಲ್ಲ.

ಅಳಿಯಂದಿರು ಬಂದ ಗಳಿಗೆಯಲ್ಲೇ ಗೋಡೆಗೆ ಒಂದು ಬೋರ್ಡು ಹೊಡೆಸಿದರು. ಈಗ ಎಲ್ಲ ಸರಕಾರಿ ಕಚೇರಿಗಳಲ್ಲಿ ಕಾಣುವಂಥದೇ: ‘ಮಾತು ಕಡಿಮೆ, ದುಡಿಮೆ ಹೆಚ್ಚು’. ಆಮೇಲೆ ಹಮಾಲರನ್ನೆಲ್ಲ ಕರೆದು, “ಇನ್ಮೇಲೆ ನಾವೆಲ್ಲ ದುಡಿಮೆ ಹೆಚ್ಚಿಸಬೇಕು” ಅಂದರು. ಹಮಾಲರು ಮುಖ ಮುಖ ನೋಡಿಕೊಂಡು ನಕ್ಕರು. ಬಸಣ್ಣನಂತೂ, “ಹೆಚ್ಚಸೂಣ್ರಿ, ಈಗ ಹೆಚ್ಚಸಂದ್ರ ಈಗ ಹೆಚ್ಚಸ್ತೀವಿ” ಎಂದು ಟವೆಲ್ಲು ಜಾಡಿಸಿ ಹೆಗಲಿಗೆ ಹಾಕಿ, ಮನೆಗೆ ಹೊರಟವನ ಹಾಗೆ ನಿಂತ. ಅಳಿಯಂದಿರಿಗೆ ಏನೂ ತಿಳಿಯಲಿಲ್ಲ. ಅವರೂ ನಕ್ಕರು, ಪಾಪ.

ತಪ್ಪು ಅವರದಲ್ಲ. ಸಾಹುಕಾರರು ಸಣ್ಣವರಿದ್ದಾಗ ಸೊಲ್ಲಾಪುರದ ಮರಾಠಿ ಪೇಠೆಯಲ್ಲಿ ವ್ಯಾಪಾರ ಕಲಿತವರು. ಅಲ್ಲಿ ಸಂಜೆ ಬಾಗಿಲು ಹಾಕುವಾಗ ‘ದುಕಾನ ಬಂದ್’ ಅನ್ನುವುದಿಲ್ಲ, ಅಶುಭ. ‘ವಾಢವಾ’, ಅಂದರೆ ಹೆಚ್ಚಿಸಿ, ಅನ್ನುತ್ತಾರೆ. ನಮ್ಮ ಮನೆಯಲ್ಲೂ ಬಳೆ ಒಡೆದರೆ ಅಂಬು ಒಡೆಯಿತು ಅನ್ನುವುದಿಲ್ಲ, ಹೆಚ್ಚಿತು ಅನ್ನುತ್ತಾಳೆ. ಸಾಹುಕಾರರು ಆ ಮಾತನ್ನು ಕನ್ನಡಕ್ಕೆ ತಂದು ‘ದುಕಾನ ಹೆಚ್ಚಸ್ರಿ’ ಅನ್ನುತ್ತ ಬಂದರು. ಇಂಡಿ, ಸಿಂದಗಿ, ಬಾಗೇವಾಡಿ, ಮುದ್ದೇಬಿಹಾಳ, ನಾಲ್ಕೂ ಬ್ರಾಂಚಿನ ಮಂದಿಗೆ ಅದೇ ರೂಢಿಯಾಯಿತು. ನಮ್ಮಲ್ಲಿ ಹೆಚ್ಚಿಸುವುದು ಅಂದರೆ ಬಾಗಿಲು ಹಾಕುವುದು.

ಇದನ್ನು ಅಳಿಯಂದಿರಿಗೆ ಒಮ್ಮೆ ತಿಳಿಸಿ ಹೇಳಬೇಕು. ಮಂದಿ ತಪ್ಪು ಮಾತಾಡಿದರೆ ನನಗೆ ಸುಮ್ಮನೆ ಕೂಡಲು ಆಗುವುದಿಲ್ಲ, ಹಲ್ಲಿನಲ್ಲಿ ಏನೋ ಸಿಕ್ಕಿಕೊಂಡ ಹಾಗಾಗುತ್ತದೆ. ಆದರೆ ಇವತ್ತು ಮೊಣಕಾಲು ನೋಯುತ್ತಿದೆ. ನಾಳೆ ಹೇಳಿದರಾಯಿತು.

೨೪ ಜನವರಿ

ಹೇಳಲು ಆಗಲಿಲ್ಲ. ಬೇರೆಯೇ ಪಂಚಾಯತಿ ನಡೆದಿತ್ತು. ಅಳಿಯಂದಿರು ಸಿಂದಗಿಯಿಂದ ‘ಕಡಲೆಕಾಯಿ ಚೀಲ’ ತರಿಸಿ ಅಂದಿದ್ದರು. ಅಲ್ಲಿಯವರು ಕಡಲೆ ಕಳಿಸಿದ್ದಾರೆ. ಇವರಿಗೆ ಬೇಕಾಗಿದ್ದದ್ದು ಶೇಂಗಾ. ನಿನ್ನೆ ಬಸಣ್ಣ, “ಹಳೇ ಚೀಲ ಒಗೀಲೇನ್ರಿ?” ಅಂದಾಗ ಇವರು, “ಒಗೀರಿ, ಚೆನ್ನಾಗಿ ಒಗೀರಿ” ಅಂದರು. ಅವನು ಗೋಡೆಯಾಚೆ ಎಸೆದು ಬಂದ. ಇವರು ಸಂಜೆ, ತೊಳೆದ ಚೀಲ ಒಣಗಿದವೇ ಎಂದು ಕೇಳುತ್ತಿದ್ದಾರೆ.

“ನಾರಾಯಣರಾಯರೇ, ಇನ್ನು ನೀವೇ ನನಗೆ ದುಭಾಷಿ” ಅಂದರು ನಗುತ್ತ. ಕನ್ನಡದಿಂದ ಕನ್ನಡಕ್ಕೆ ದುಭಾಷಿ! ಇಷ್ಟು ವರ್ಷ ದಿವಾಣಜಿಕೆ ಮಾಡಿ ಸಿಕ್ಕ ಬಡ್ತಿ ಇದು.

ಮನುಷ್ಯ ಕೆಟ್ಟವನಲ್ಲ. ತಲೆ ಇದೆ. ನಮ್ಮ ಪದ್ಧತಿ ಅವರಿಗೆ ಹಿಡಿಸಿಲ್ಲ, ನಿಜ ಹೇಳಿದರೆ ನನಗೂ ಎಂದೂ ಹಿಡಿಸಿರಲಿಲ್ಲ. ಪ್ರತಿ ಬ್ರಾಂಚಿಗೂ ಒಂದು ಲಾರಿ, ಅದು ತುಂಬುವವರೆಗೆ ನಿಂತಲ್ಲೇ ನಿಲ್ಲುವುದು, ತುಂಬಿದ ಮೇಲೆ ಸೊಲ್ಲಾಪುರ, ಬರುವಾಗ ಅರ್ಧ ಖಾಲಿ. “ಗಾಡಿ ದುಡಿಯೋದಕ್ಕಿಂತ ನಿಲ್ಲೋದೇ ಜಾಸ್ತಿ. ಕೆಲಸದ ದಾರಿಯನ್ನೇ ಹೊಸದಾಗಿ ಹಾಕಬೇಕು, ರಾಯರೇ. ನಾಲ್ಕೂ ಊರು ಸುತ್ತಿ ನೋಡಿ, ಯಾವುದು ಬೇಕು ಯಾವುದು ಬೇಡ ಬರೀರಿ.”

ಐವತ್ನಾಲ್ಕರ ವಯಸ್ಸಿನಲ್ಲಿ ಬಸ್ಸು ಸುತ್ತುವ ಭಾಗ್ಯ. ಅಂಬು ಅವಲಕ್ಕಿ ಕಟ್ಟಿಕೊಡುತ್ತಾಳಂತೆ.

೩ ಫೆಬ್ರುವರಿ, ಸಿಂದಗಿ

ಧೂಳು. ಬ್ರಾಂಚು ಸರಿಯಾಗಿದೆ. ರಸೀತಿಯಲ್ಲಿ ಕಾಗುಣಿತ ಸರಿಯಿಲ್ಲ. ತಿದ್ದಿ ಬಂದೆ.

೫ ಫೆಬ್ರುವರಿ, ಬಸವನ ಬಾಗೇವಾಡಿ

ಇಲ್ಲಿಯೂ ಅಡ್ಡಿಯಿಲ್ಲ. ಬಸ್ಸಿನಲ್ಲಿ ಗೊಳಸಂಗಿಯ ಒಬ್ಬಾತ ನನ್ನ ಹೆಗಲ ಮೇಲೆ ನಿದ್ದೆ ಮಾಡಿದ. ಎಬ್ಬಿಸಲು ನನಗೂ ತ್ರಾಣ ಇರಲಿಲ್ಲ.

೬ ಫೆಬ್ರುವರಿ, ಮುದ್ದೇಬಿಹಾಳ

ಇಂಥ ಬ್ರಾಂಚು ಇರುವುದಕ್ಕಿಂತ ಇಲ್ಲದಿರುವುದು ವಾಸಿ.

ಕಾಳಪ್ಪ ಎಂಬ ಕುರುಬರವನು ಇಲ್ಲಿಯ ಕಾರಭಾರಿ. ಹೆಂಡತಿಯನ್ನು ಕಟ್ಟಿಕೊಂಡು ಗೋದಾಮಿನ ಹಿಂದಿನ ಖೋಲಿಯಲ್ಲೇ ಸಂಸಾರ. ಕೋಳಿಗಳು ಕುಸುಬಿ ಚೀಲದ ಮೇಲೆ. ನಾನು ಹೋದಾಗ ಲಾರಿ ತುಂಬಿ, ಹಗ್ಗ ಬಿಗಿದು, ಡ್ರೈವರ್ ಮೈಬೂಬ ಗಾಲಿಯ ನೆರಳಲ್ಲಿ ಮಲಗಿದ್ದ.

“ಯಾಕ ಹೊಂಟಿಲ್ಲ?” ಅಂದೆ.

“ಹುಚ್ಚವ್ವನ ಕಂಬಳಿ ಗಂಟು ಬರೂದೈತ್ರಿ ದಿವಾಣಜಿಯವರ. ಕುಂದರ್ರಿ” ಅಂದ ಕಾಳಪ್ಪ.

“ಯಾವಾಗ ಬರ್ತದ?”

“ಬರತೈತ್ರಿ. ಬರಲಾರದ ಎಲ್ಲಿ ಹೊಕ್ಕೈತಿ?”

ಒಬ್ಬ ಮುದುಕಿಯ ಒಂದು ಗಂಟಿಗಾಗಿ ತುಂಬಿದ ಲಾರಿ ನಿಂತಿದೆ! ಅದೂ ಸಾಲದೆ ಕಾಳಪ್ಪ ಪಾರ್ಸಲ್ಲಿಗೆ ‘ಪಾಸ್ರಲ್’ ಅನ್ನುತ್ತಾನೆ. ಮೂರು ಸಲ ತಿದ್ದಿದೆ. “ಹೌದ್ರಿ, ಪಾಸ್ರಲ್” ಅಂದ. ಆ ಹೆಂಗಸು ಒಂದು ತಂಬಿಗೆ ನೀರು ತಂದಿಟ್ಟಳು. ನಾನು ಹೊರಗೆ ನೀರು ಮುಟ್ಟುವವನಲ್ಲ. ತಂಬಿಗೆ ಅಲ್ಲೇ ಇತ್ತು, ಕೋಳಿ ಬಂದು ಕುಡಿಯಿತು.

ಬಸ್ ಸ್ಟ್ಯಾಂಡಿನಲ್ಲೇ ಕೂತು ವರದಿ ಬರೆದೆ. ‘ಮುದ್ದೇಬಿಹಾಳ ಬ್ರಾಂಚು ಅನಾವಶ್ಯಕ. ಹೊಸ ಪದ್ಧತಿಯಲ್ಲಿ ಬಾಗೇವಾಡಿಯಿಂದಲೇ ಲಾರಿ ಬಂದು ಮಾಲು ಒಯ್ಯಬಹುದು.’ ಅಕ್ಷರ ಚೆನ್ನಾಗಿ ಬಂತು.

೨೧ ಫೆಬ್ರುವರಿ, ಇಂಡಿ

ಹೊಸ ಪದ್ಧತಿ ಸಿದ್ಧವಾಯಿತು. ದೊಡ್ಡ ಕಾಗದದ ಮೇಲೆ ನಾನೇ ಬರೆದೆ. ಝಳಕಿಯ ಹೆದ್ದಾರಿ ಬದಿಗೆ ಒಂದು ಗೋದಾಮು. ಎರಡು ಲಾರಿ ಊರೂರು ಸುತ್ತಿ ಮಾಲು ತಂದು ಅಲ್ಲಿ ಇಳಿಸುವುದು. ಅಲ್ಲಿಂದ ದೊಡ್ಡ ಲಾರಿ ಸೊಲ್ಲಾಪುರಕ್ಕೆ. ಎಲ್ಲದಕ್ಕೂ ನಿಗದಿಯಾದ ಹೊತ್ತು. ಹೊತ್ತಾದರೆ ಹೊರಡುವುದೇ, ಯಾರ ಗಂಟಿಗೂ ಕಾಯುವ ಹಾಗಿಲ್ಲ.

ಅಳಿಯಂದಿರು ಕಾಗದ ಹಿಡಿದು, “ರಾಯರೇ, ಎಷ್ಟು ಶುದ್ಧವಾಗಿ ಮಾಡಿದ್ದೀರಿ!” ಅಂದರು. ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ, ಬಹಳ ಖುಷಿಯಾಯಿತು. ಮುದ್ದೇಬಿಹಾಳದ ವಿಷಯ ಮಾತ್ರ ಆಮೇಲೆ, ಮೊದಲು ಹೊಸ ದಾರಿ ಓಡಲಿ ಅಂದರು.

೮ ಮಾರ್ಚ್, ಝಳಕಿ

ಮೊದಲ ದಿನ. ಸಿಂದಗಿಯ ಎಣ್ಣೆ ಡಬ್ಬಿ ಬಾಗೇವಾಡಿಗೆ ಹೋದವು. ಬಾಗೇವಾಡಿಗೆ ಹೋಗಬೇಕಾದ ಸೊಲ್ಲಾಪುರದ ಚಾದರ ಇಂಡಿಗೆ ಬಂದವು. ಇಂಡಿಯ ನಿಂಬೆ ಬುಟ್ಟಿ ಎಲ್ಲಿ ಹೋದವೋ ದೇವರಿಗೇ ಗೊತ್ತು. ಕಾಲು ಊದಿದೆ.

೯ ಮಾರ್ಚ್

ನಿಂಬೆ ಸಿಕ್ಕವು. ವಾಸನೆಯಿಂದಲೇ.

೧೮ ಮಾರ್ಚ್, ಮುದ್ದೇಬಿಹಾಳ

ಇಲ್ಲಿಂದ ಲಾರಿ ಪ್ರತಿ ಸಲ ತಡವಾಗಿ ಬರುತ್ತಿದೆಯೆಂದು ಜಗಳಾಡಲಿಕ್ಕೇ ಬಂದೆ. ಬಿಜಾಪುರದಲ್ಲಿ ಬಸ್ಸು ತಪ್ಪಿ, ಬಿಸಿಲಲ್ಲಿ ನಿಂತು, ಬಂದು ತಲುಪುವಷ್ಟರಲ್ಲಿ ಕಣ್ಣಿಗೆ ಕತ್ತಲೆ. ಗೋದಾಮಿನ ಕಟ್ಟೆಯ ಮೇಲೆ ಕೂತೆನೋ ಬಿದ್ದೆನೋ ತಿಳಿಯದು. ಆ ಹೆಂಗಸು ಮಜ್ಜಿಗೆ ತಂದು ಕೈಗೆ ಕೊಟ್ಟಳು. ಔಷಧ ಅಂತ ಕುಡಿದೆ. ಪ್ರಾಣ ಉಳಿಸಿಕೊಳ್ಳುವುದಕ್ಕೆ ಶಾಸ್ತ್ರ ಅಡ್ಡ ಬರುವುದಿಲ್ಲ. ಜೀರಿಗೆ ಹಾಕಿದ್ದಳು.

ಜಗಳ ಸರಿಯಾಗಿ ಆಗಲಿಲ್ಲ. “ಮೈಬೂಬ ತಾಸಿಗೆ ಸರಿಯಾಗಿ ಹೊಂಟ್ರ ನಡು ದಾರ್‍ಯಾಗ ಮಂದಿ ಕೈ ಮಾಡತಾರ್ರಿ. ನಿಲ್ಲಸಲಿಲ್ಲಂದ್ರ ಅವರು ಬೈತಾರ, ನಿಲ್ಲಸಿದ್ರ ನೀವು ಬೈತೀರಿ” ಅಂದ ಕಾಳಪ್ಪ. “ಯಾರ ಬೈಗಳ ಹಗುರ ಅದಾವ ಹೇಳ್ರಿ, ಅವನ್ನ ತಿಂತೀವಿ.”

ನಾನು ನಗಲಿಲ್ಲ. ಪಾರ್ಸಲ್ ಎಂದು ಒಮ್ಮೆ ತಿದ್ದಿದೆ.

೬ ಏಪ್ರಿಲ್, ಇಂಡಿ

ಯುಗಾದಿಯೂ ಹೋಯಿತು, ಬೇವೂ ಹೋಯಿತು, ಬೆಲ್ಲವೂ ಹೋಯಿತು. ಈಗ ಲಾರಿಗಳು ಗಡಿಯಾರದಂತೆ ಓಡುತ್ತಿವೆ. ಮಾಲು ಕಳೆಯುವುದು ನಿಂತಿದೆ, ವ್ಯಾಪಾರಿಗಳು ತಾವಾಗಿ ಬರುತ್ತಿದ್ದಾರೆ. ನಾನು ಹಾಕಿದ ದಾರಿ ಸರಿಯಾಗಿದೆ.

ಅಳಿಯಂದಿರು ಹೆಚ್ಚಾಗಿ ಝಳಕಿಯಲ್ಲೇ ಇರುತ್ತಾರೆ. ಇಲ್ಲಿದ್ದ ದಿನವೂ ಐದಕ್ಕೆ ಮನೆಗೆ. ಸಂಜೆ ದುಕಾನ ಹೆಚ್ಚಿಸುವ ಹೊತ್ತಿಗೆ ನಾನೂ ಬಸಣ್ಣನೂ ಇಬ್ಬರೇ. ಇವತ್ತು ಹೊರಡುವಾಗ, “ರಾಯರೇ, ಇನ್ನು ಮುದ್ದೇಬಿಹಾಳ ಒಂದು ಮುಗಿಸಿಬಿಟ್ರೆ ನಿಮ್ಮ ಯೋಜನೆ ಪೂರ್ತಿ ಆಯ್ತು” ಅಂದರು. ನನ್ನ ಯೋಜನೆ. ಹೌದು, ನನ್ನದೇ.

೧೩ ಏಪ್ರಿಲ್, ಮುದ್ದೇಬಿಹಾಳ

ಒಂದು ಸಣ್ಣ ಕೆಲಸವಿತ್ತು. ತಕ್ಕಡಿಯ ತೂಕದ ಕಲ್ಲು ಸರಿಯಿವೆಯೋ ಇಲ್ಲವೋ ನೋಡಬೇಕಾಗಿತ್ತು. ಸರಿಯಿವೆ.

ಅಂಬು ಈ ಸಲ ಅವಲಕ್ಕಿ ಕಟ್ಟಲಿಲ್ಲ. “ತಕ್ಕಡಿ ಕಲ್ಲು ನೋಡ್ಲಿಕ್ಕೆ ಒಂದು ದಿನದ ಹಾದಿ ಹೋಗ್ತೀರೇನ್ರಿ? ಏನದ ಆ ಮುದ್ದೇಬಿಹಾಳದಾಗ?” ಅಂತ ಕೇಳಿದಳು. ಏನಿದೆ? ಏನೂ ಇಲ್ಲ. ಬಿಸಿಲಿದೆ.

ಹಸಿವಾಗಿತ್ತು, ಹೋಟೆಲಿಗೆ ಹೋಗುವಷ್ಟು ಕಾಲಿಗೆ ಕಸುವಿರಲಿಲ್ಲ. ಕಾಳಪ್ಪನ ಹೆಂಡತಿ ಶೇವಂತೆವ್ವ ಜೋಳದ ರೊಟ್ಟಿ, ನೆಂಚಿಕೊಳ್ಳಲು ಶೇಂಗಾ ಹಿಂಡಿ ಕೊಟ್ಟಳು. ಹಿಂಡಿಗೆ ಉಪ್ಪು ಮುಂದಾಗಿತ್ತು. ಹಾಗಂತ ಹೇಳಿದೆ. “ಮತ್ತ ನೀವು ಬರೂದ್ರಾಗ ಉಪ್ಪು ಕಡಿಮಿ ಮಾಡಿ ಹಾಕ್ತೇನ್ರಿ” ಅಂದಳು. ಕಂಬಳಿಯೊಂದನ್ನು ಮಡಚಿ ಮೊಣಕಾಲಿನ ಕೆಳಗೆ ಇಟ್ಟಳು. ಭಯಂಕರ ಚುಚ್ಚುತ್ತದೆ.

ಕಾಳಪ್ಪ ತಾನಾಗಿಯೇ ಮಾತು ತೆಗೆದ. “ದಿವಾಣಜಿಯವರ, ಇಲ್ಲೀದು ಹೆಚ್ಚಸ್ತಾರಂತ ಮೈಬೂಬ ಅಂತಿದ್ದ. ಖರೇನೇನ್ರಿ?”

ನಾನು ತೂಕದ ಕಲ್ಲು ಒರೆಸುತ್ತಿದ್ದೆ. “ಸಾಹುಕಾರ್ರ ಬಾಯಿಂದ ಇನ್ನೂ ಬಂದಿಲ್ಲ” ಅಂದೆ.

“ಕುರಿ ಮಾರಿ ನಿಮ್ಮ ಲಾರಿಗೆ ಬಂದವರ್ರಿ ನಾವು. ಈಗ ಕುರಿ ಹಿಂದ ಹೋದ್ರ ಕುರಿಗೂ ನನ್ನ ಗುರುತು ಹತ್ತೂದಿಲ್ಲ” ಅಂದು ನಕ್ಕ. ಹೆಂಡತಿ ನಗಲಿಲ್ಲ. ಒಲೆಯ ಕಡೆ ತಿರುಗಿಕೊಂಡಳು. ಕೆಲಸ ಹೋದರೆ ಅವರಿಗೆ ಈ ಖೋಲಿಯೂ ಹೋಗುತ್ತದೆ. ಇದನ್ನು ವರದಿ ಬರೆಯುವಾಗ ನಾನು ಯೋಚಿಸಿರಲಿಲ್ಲ. ಯೋಚಿಸಿದ್ದರೂ ಬರೆಯಲು ಅದಕ್ಕೆ ಜಾಗ ಎಲ್ಲಿತ್ತು?

೧೪ ಏಪ್ರಿಲ್, ಇಂಡಿ

ಕಂಬಳಿ ಚೀಲದಲ್ಲಿ ಬಂದುಬಿಟ್ಟಿದೆ. ಯಾರು ಇಟ್ಟರೋ. ಮುಂದಿನ ಸಲ ಹಿಂದಿರುಗಿಸಬೇಕು.

೪ ಮೇ

ಬಿಸಿಲು. ಕೆಲಸ. ಬಿಸಿಲು.

೧೧ ಮೇ

ಮೊಣಕಾಲಿಗೆ ಕಂಬಳಿ ಸುತ್ತಿಕೊಂಡು ಮಲಗಿದರೆ ನೋವು ಕಡಿಮೆ. ಈ ಸೆಕೆಯಲ್ಲಿ ಕಂಬಳಿ ಯಾಕೆಂದು ಅಂಬು ಕೇಳಿದಳು. ವೈದ್ಯರು ಹೇಳಿದ್ದಾರೆ ಅಂದೆ.

೨೦ ಮೇ

ಸಾಹುಕಾರರ ಮನೆಗೆ ಹೋಗಿದ್ದೆ, ಒಬ್ಬನೇ. ಪಡಸಾಲೆಯ ಗಾದಿಯ ಮೇಲೆ ಮಲಗಿದ್ದರು. ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ: ನಾನು ಸಿಟ್ಟಿನಲ್ಲಿ ಬರೆದೆ, ಮುದ್ದೇಬಿಹಾಳ ಇರಲಿ. ಆದರೆ ಯಾಕೆ ಇರಲಿ ಎಂದು ಕೇಳಿದರೆ ಏನು ಹೇಳಲಿ? ಮುಂದಿನ ಸಲ ಶೇವಂತೆವ್ವ ಹಿಂಡಿಗೆ ಉಪ್ಪು ಕಡಿಮೆ ಹಾಕುತ್ತಾಳೆ ಎಂದೇ? ಮಾಲು ಬಾಗೇವಾಡಿಯಿಂದ ಹೋಗಬಹುದು, ಅದು ನಿಜ. ಅಲ್ಲಿ ಬ್ರಾಂಚು ಬೇಕಾಗಿಲ್ಲ, ಅದೂ ನಿಜ. ಲೆಕ್ಕ ಸರಿಯಾಗಿದೆ. ಅದೇ ಬೇಸರ.

ಸಾಹುಕಾರರು ಎಡಗೈಯಿಂದ ನನ್ನ ಕೈ ಹಿಡಿದು, “ಚಲೋ... ಮಾಡೀರಿ... ದಿವಾಣಜಿ” ಅಂದರು. ಎದ್ದು ಬಂದೆ. ಇಷ್ಟು ದಣಿವು ನನಗೆ ಲಾರಿ ಹತ್ತಿ ಇಳಿದಾಗಲೂ ಆಗಿರಲಿಲ್ಲ.

೨೭ ಮೇ

ಇವತ್ತು ಮುದ್ದೇಬಿಹಾಳದ ವಿಷಯ ನಿಕಾಲಿಯಾಯಿತು, ತೀರ್ಪು ಬಂತು. ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತೇನೆ.

ಬೆಳಿಗ್ಗೆ ಅಳಿಯಂದಿರು ನನ್ನನ್ನು ಕರೆದುಕೊಂಡು ಸಾಹುಕಾರರ ಹತ್ತಿರ ಹೋದರು. ಕಾಗದ ಬಿಚ್ಚಿ ಹಿಡಿದು ಎಲ್ಲ ಹೇಳಿದರು, ಝಳಕಿ, ಸಿಂದಗಿ, ಬಾಗೇವಾಡಿ. ಸಾಹುಕಾರರು ಕಣ್ಣು ಮುಚ್ಚಿ ಕೇಳಿದರು.

“ಮುದ್ದೇಬಿಹಾಳ ಏನು ಮಾಡೋಣ ಮಾವ? ತಮ್ಮ ಮೊದಲನೇ ಲಾರಿ ಓಡಿದ್ದು ಆ ದಾರೀಲೇ ಅಂತೆ. ತಾವು ಹೇಳಿದ ಹಾಗೆ.”

ಸಾಹುಕಾರರು ನನ್ನ ಕಡೆ ನೋಡಿದರು. “ನೀವು... ಏನಂತೀರಿ?”

“ಬರದದ್ದು ಬರದೀನ್ರಿ” ಅಂದೆ. ಇದಕ್ಕಿಂತ ಹೇಡಿತನದ ಮಾತು ನನ್ನ ಬಾಯಿಂದ ಬಂದದ್ದು ನೆನಪಿಲ್ಲ.

ಸಾಹುಕಾರರು ಎಡಗೈಯಿಂದ ಕಾಗದ ಪಕ್ಕಕ್ಕೆ ಸರಿಸಿದರು. ಆಮೇಲೆ, “ಹಂಗಾರ... ಹೆಚ್ಚಸ್ರಿ. ಮುದ್ದೇಬಿಹಾಳ... ದುಕಾನ... ಹೆಚ್ಚಸ್ರಿ” ಅಂದು ಗೋಡೆಯ ಕಡೆ ಮುಖ ಮಾಡಿದರು. ಅವರಿಗೆ ಕಷ್ಟವಾಯಿತು, ನನಗೆ ಗೊತ್ತು. ಕಷ್ಟವಾದರೂ ಹೇಳಬೇಕಾದ್ದನ್ನು ಹೇಳಿದರು.

ಹೊರಗೆ ಬಂದ ಮೇಲೆ ಅಳಿಯಂದಿರು ಬೀದಿಯಲ್ಲೇ ನಿಂತುಬಿಟ್ಟರು. “ನಾನು ಮುಚ್ಚಿ ಅಂತಾರೆ ಅಂದ್ಕೊಂಡಿದ್ದೆ ರಾಯರೇ! ಹೆಚ್ಚಿಸಿ ಅಂದ್ಬಿಟ್ರಲ್ಲ! ಇರಲಿ. ತಾಳಿಕೋಟೆ ಕಡೆ ಮಾಲೆಲ್ಲ ಮುದ್ದೇಬಿಹಾಳಕ್ಕೇ ತರಿಸೋ ಯೋಚನೆ ಇರಬೇಕು ಅವರಿಗೆ. ಹಳಬರ ತಲೆ. ಹಿಂದೆ ಒಂದು ತಗಡಿನ ಶೆಡ್ಡು ಹಾಕಿಸಬಹುದು, ಅಲ್ವಾ?”

ನಾನು ಬಾಯಿ ತೆರೆದೆ. ಕಡಲೆಕಾಯಿ ಅಂದರೆ ಶೇಂಗಾ, ಒಗೆಯುವುದು ಅಂದರೆ ಎಸೆಯುವುದು, ಹೆಚ್ಚಿಸುವುದು ಅಂದರೆ...

“ಹೆಚ್ಚಿಸಿ ಅಂತಲೇ ಅಂದ್ರು ಅಲ್ವಾ?” ಅಂತ ಮತ್ತೊಮ್ಮೆ ಬಿಡಿಸಿ ಕೇಳಿದರು.

“ಹೌದ್ರಿ. ಹಂಗೇ ಅಂದ್ರು.”

ಬಿಸಿಲು ಬಹಳ ಇತ್ತು. ಮೊಣಕಾಲು ನೋಯುತ್ತಿತ್ತು. ನಿಂತು ವಿವರಿಸುವಷ್ಟು ತ್ರಾಣ ಇರಲಿಲ್ಲ, ಅಷ್ಟೇ.

೨೮ ಮೇ

ಆಫೀಸಿನಲ್ಲಿ ಬೋರ್ಡಿನ ಧೂಳು ಒರೆಸಿಸಿದೆ. ಮಾತು ಕಡಿಮೆ ಅಂತ ಅವರೇ ಬರೆಸಿದ್ದಾರಲ್ಲ.

೨ ಜೂನ್, ಮುದ್ದೇಬಿಹಾಳ

ಎಂಥ ಪೇಚು. ಅಳಿಯಂದಿರು ನನಗೆ ತಿಳಿಸದೆ ಮೈಬೂಬನ ಕೈಯಲ್ಲಿ ಬಾಯಿಮಾತು ಕಳಿಸಿದ್ದಾರೆ: “ಸಾಹುಕಾರ್ರು ದುಕಾನ ಹೆಚ್ಚಸ್ರಿ ಅಂದ್ರು, ಕಾಳಪ್ಪನಿಗೆ ಹೇಳು.” ನಮ್ಮ ಕಡೆಯ ಮಾತು ಕಲಿತ ಹೆಮ್ಮೆ ಅವರಿಗೆ. ಹಾಗಂತ ಬೆಳಿಗ್ಗೆ ನಗುತ್ತ ನನಗೆ ಹೇಳಿದಾಗ ಚಹಾ ಅಲ್ಲೇ ಬಿಟ್ಟು ಎದ್ದೆ. ಸಿಕ್ಕ ಬಸ್ಸು ಹತ್ತಿದೆ. ಬಿಜಾಪುರದಿಂದ ನಿಂತೇ ಬಂದೆ.

ಗೋದಾಮಿನ ಮುಂದೆ ಇಳಿದಾಗ ಎಲ್ಲ ಕಟ್ಟಿಯಾಗಿತ್ತು. ಹಾಸಿಗೆ ಸುತ್ತಿ ಹಗ್ಗ ಬಿಗಿದಿದ್ದರು. ರೊಟ್ಟಿ ಬಡಿಯುವ ಕೊಣಮಿಗೆ, ಕೊಡ, ಬೀಸುವ ಕಲ್ಲು ಕಟ್ಟೆಯ ಮೇಲೆ ಸಾಲಾಗಿ. ಕೋಳಿಗಳಿಲ್ಲ, ಹುಚ್ಚವ್ವನಿಗೆ ಕೊಟ್ಟುಬಿಟ್ಟಿದ್ದಾರೆ. ಶೇವಂತೆವ್ವ ಖಾಲಿ ಖೋಲಿಯನ್ನು ಸೆಗಣಿಯಿಂದ ಸಾರಿಸಿ, ಹೊಸ್ತಿಲಿಗೆ ಕುಂಕುಮ ಹಚ್ಚುತ್ತಿದ್ದಳು. ಬಿಟ್ಟು ಹೋಗುವ ಮನೆಯನ್ನು ಇಷ್ಟು ಚೊಕ್ಕ ಮಾಡುವುದನ್ನು ನಾನು ನೋಡಿರಲಿಲ್ಲ.

ಕಾಳಪ್ಪ ಬೀಗದ ಕೈ ನನ್ನ ಮುಂದೆ ಹಿಡಿದ. “ನೀವೇ ಬರ್ತೀರಂತ ಗೊತ್ತಿತ್ರಿ. ನಿಮ್ಮ ಕೈಯಾಗ ಕೊಟ್ಟು ಹೋಗೂಣಂತ ಕುಂತಿದ್ದೆ. ಪಾಸ್ರಲ್ ಎಲ್ಲಾ ಬಾಗೇವಾಡಿಗೆ ಕಳಿಸೇನಿ, ಏನೂ ಬಾಕಿ ಇಲ್ಲ.”

“ಗಂಟು ಬಿಚ್ಚು” ಅಂದೆ.

“ಏನ್ರಿ?”

“ಗಂಟು ಬಿಚ್ಚಂದೆ. ಯಾರು ಹೋಗಂದ್ರು ನಿನಗ?”

“ಸಾಹುಕಾರ್ರು ಹೆಚ್ಚಸಂದಾರಂತಲ್ರಿ!”

“ಹೆಚ್ಚಸಂದಾರ. ಹೆಚ್ಚಸೂದಂದ್ರ ಹೆಚ್ಚಸೂದು. ದೊಡ್ಡದು ಮಾಡೂದು. ಹಿಂದ ತಗಡಿನ ಶೆಡ್ ಬರ್ತದ. ಮುಂದಿನ ವಾರ ಅಳತಿ ತಗೊಳ್ಳಿಕ್ಕೆ ಅಳಿಯಂದ್ರೇ ಬರ್ತಾರ.”

ಅವನು ನನ್ನ ಮುಖವನ್ನೇ ನೋಡಿದ. ಕುರಿ ಕಾಯ್ದವನ ಕಣ್ಣು, ತಪ್ಪಿಸಿಕೊಳ್ಳಲು ಬಿಡುವುದಿಲ್ಲ. “ಸಾಹುಕಾರ್ರ ಬಾಯಾಗ ಆ ಮಾತಿಗೆ ಹಂಗ ಅರ್ಥ ಐತೇನ್ರಿ?”

“ಅರ್ಥದ ಗೊಡವಿ ನಿನಗ ಬ್ಯಾಡ. ಅದು ನನ್ನ ಕೆಲಸ.”

“ಅವರ ಉಪ್ಪು ತಿಂದೇವ್ರಿ. ಸುಳ್ಳಿನ ಮ್ಯಾಲ ಕುಂದ್ರಂದ್ರ ಹೆಂಗ ಕುಂದರ್ಲಿ?”

ನಾನೂ ಅದೇ ಉಪ್ಪು ತಿಂದವನು, ಇವನಿಗಿಂತ ಹೆಚ್ಚು. ಬಾಯಿಗೆ ಬಂದದ್ದು ಬೇರೆಯೇ. “ಬಿಸಲಾಗ ಬಂದೀನಿ, ಕಾಳಪ್ಪ. ಮೊಣಕಾಲ ಬ್ಯಾನಿ ತಡೀಲಿಕ್ಕಾಗವಲ್ದು. ಒಲಿ ಹಚ್ಚಂತ ಹೇಳು ಅಕಿಗೆ.”

ಆಗ ಅವನು ಹಾಸಿಗೆಯ ಹಗ್ಗ ಬಿಚ್ಚತೊಡಗಿದ. ಗಂಟು ಬಿಗಿಯಾಗಿತ್ತು, ಬಿಚ್ಚಲು ಆಗಲಿಲ್ಲ. ಅಲ್ಲೇ ಕೂತು ಅತ್ತ. ಅಷ್ಟು ದೊಡ್ಡ ಗಂಡಸು, ಹಗ್ಗ ಕೈಯಲ್ಲಿ ಹಿಡಿದು ಅತ್ತ. ಶೇವಂತೆವ್ವ ಹೊಸ್ತಿಲಲ್ಲಿ ನಿಂತು, “ಹೆಚ್ಚಸೂದಂದ್ರ ಹೆಚ್ಚಸೂದೇನ್ರಿ, ಯಪ್ಪಾ?” ಎಂದು ನನ್ನನ್ನು ಕೇಳಿದಳು. ತಲೆ ಅಲ್ಲಾಡಿಸಿದೆ. ಹಗ್ಗ ಬಿಚ್ಚಲು ಒಂದು ತುದಿ ನಾನೂ ಹಿಡಿದೆ.

ಆಮೇಲೆ ಹುಚ್ಚವ್ವನ ಮನೆಗೆ ಹೋಗಿ ಕೋಳಿ ತಂದದ್ದೂ ನಾನೇ. ಒಂದು ಕೋಳಿ ಮಾತ್ರ ಕೊಡಲಿಲ್ಲ ಮುದುಕಿ.

೧೫ ಜೂನ್, ಇಂಡಿ

ಮಳೆ ಎರಡು ದಿನ ಬಂದು ಹೋಯಿತು. ಅಳಿಯಂದಿರು ಮುದ್ದೇಬಿಹಾಳಕ್ಕೆ ಹೋಗಿ ಶೆಡ್ಡಿನ ಅಳತೆ ತೆಗೆದು ಬಂದಿದ್ದಾರೆ. ಅದು ನಡೆಯುತ್ತದೋ ಇಲ್ಲವೋ ಯಾರಿಗೆ ಗೊತ್ತು. ನಾನು ಹಾಕಿದ ಚೊಕ್ಕ ದಾರಿಗೆ ಒಂದು ಸೊಟ್ಟ ಬಾಲ.

ಸಾಹುಕಾರರು ಹೇಳಿ ಕಳಿಸಿದ್ದರು. ಹೋದೆ. ಇವತ್ತು ಎಲ್ಲ ಹೇಳಿಬಿಡಬೇಕು ಅಂತಲೇ ಹೋದೆ. ಅಳಿಯಂದಿರೂ ಅಲ್ಲೇ ಕೂತಿದ್ದರು.

“ದಿವಾಣಜಿ... ಮುದ್ದೇಬಿಹಾಳ... ಹೆಚ್ಚಿತೇನು?”

“ಹೆಚ್ಚಿತ್ರಿ” ಅಂದೆ.

“ಚೆನ್ನಾಗಿ ಹೆಚ್ಚಿತು ಮಾವ” ಅಂದರು ಅಳಿಯಂದಿರು, ಉತ್ಸಾಹದಿಂದ. ಸಾಹುಕಾರರು ಅವರನ್ನು ಸ್ವಲ್ಪ ಬೇಸರದಿಂದ ನೋಡಿದರು. ಇಂಥ ಮಾತನ್ನು ಯಾರಾದರೂ ಇಷ್ಟು ನಗುತ್ತ ಹೇಳುತ್ತಾರೆಯೇ ಎಂಬಂತೆ. ಝಳಕಿಗೆ ಹೊತ್ತಾಯಿತೆಂದು ಅಳಿಯಂದಿರು ಎದ್ದು ಹೋದರು.

ಅವರ ಚಪ್ಪಲಿ ಸಪ್ಪಳ ದೂರವಾದ ಮೇಲೆ ಸಾಹುಕಾರರು ಕೇಳಿದರು. “ಕಾಳಪ್ಪ... ಅತ್ತನೇನು?”

“ಅತ್ತಾನ್ರಿ.”

ಅವರ ಎಡಗಣ್ಣಿನಿಂದ ನೀರು ಬಂತು. ಬಲಗಣ್ಣು ಲಕ್ವಾ ಆದ ಮೇಲೆ ಸದಾ ಒದ್ದೆಯೇ ಇರುತ್ತದೆ, ಅದು ಲೆಕ್ಕಕ್ಕಿಲ್ಲ. “ಪಾಪ... ನಾ ಮಾಡಿದ್ದು... ಪಾಪ. ಅವಗ... ಏನರೆ... ತಲಿಗೊಂದು... ನೆಳ್ಳು... ನೋಡ್ರಿ.”

“ನೋಡೀನ್ರಿ. ಅವಗ ನೆಳ್ಳಿನ ಚಿಂತಿ ಇಲ್ರಿ.”

ಸಾಹುಕಾರರು ಎಡಗೈ ಎತ್ತಿ ನನ್ನ ತಲೆಯ ಮೇಲೆ ಇಟ್ಟರು. ನನಗಿಂತ ಹದಿನಾಲ್ಕು ವರ್ಷ ದೊಡ್ಡವರು. ಆ ಕೈಯ ಕೆಳಗೆ ಕೂತಿರುವುದು ಕಷ್ಟವಾಯಿತು. ಒಂದು ಮಾತೂ ಸುಳ್ಳು ಹೇಳಿಲ್ಲ, ಎಲ್ಲ ಮಾತೂ ಶುದ್ಧ, ತಿದ್ದುವುದಕ್ಕೆ ಏನೂ ಇಲ್ಲ. ಆದರೂ ಅವರಿಗೆ ಮೋಸ ಮಾಡಿದ್ದೇನೆ. ಬರೆದಿಡುತ್ತೇನೆ, ಮೋಸವೇ ಅದು. ಅವರೇ ನನಗೆ ಕಲಿಸಿದ ಮಾತಿನಿಂದ ಮಾಡಿದೆ.

ಸಂಜೆ ಆಫೀಸಿನಲ್ಲಿ ಕೂತಿದ್ದೆ. ಹೊತ್ತಾಗಿತ್ತು. ಬಸಣ್ಣ ಬಾಗಿಲ ಹತ್ತಿರ ನಿಂತು, “ಹೆಚ್ಚಸೂದೇನ್ರಿ ದಿವಾಣಜಿಯವರ?” ಅಂದ.

“ಸ್ವಲ್ಪ ತಡಿ. ಸಾಲೋಟಗಿ ಮುದುಕನ ಪಾಸ್ರಲ್ ಬರೂದದ.”

“ಯಾವಾಗ ಬರತೈತ್ರಿ? ಹೊತ್ತ ಆತಲ್ರಿ.”

“ಬರ್ತದ” ಅಂದೆ. “ಬರಲಾರದ ಎಲ್ಲಿ ಹೋಗ್ತದ?”

ಬಸಣ್ಣ ನನ್ನನ್ನು ವಿಚಿತ್ರವಾಗಿ ನೋಡಿ ಕಟ್ಟೆಯ ಮೇಲೆ ಕೂತ. ಮೊಣಕಾಲು ಇವತ್ತು ಅಷ್ಟು ನೋಯುತ್ತಿಲ್ಲ.